ಸಿಂಗಪುರದ ಕಾರು, ಶುಕ್ರವಾರದ ಕಾಯಿಲೆ

ಗ್ಯಾರೇಜು ಇಟ್ಟುಕೊಂಡವನ ಹತ್ತಿರ ಕೆಟ್ಟ ಕಾರುಗಳು ಬರುತ್ತವೆ ಅಂತ ಜನ ತಿಳಿದುಕೊಂಡಿದ್ದಾರೆ. ಅದು ಅರ್ಧ ನಿಜ. ಮಿಕ್ಕ ಅರ್ಧ ಕಾರುಗಳಿಗೆ ಏನೂ ಆಗಿರುವುದಿಲ್ಲ, ಆಗಿರುವುದೆಲ್ಲ ಒಳಗೆ ಕೂತವರಿಗೆ. ಕಾಮಾಕ್ಷಿಪಾಳ್ಯದಲ್ಲಿ ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದ ಕೂಡಲೇ ಸಿಗುವ ಗ್ಯಾರೇಜು ನನ್ನದು. ಅಪ್ಪ ಶುರು ಮಾಡಿದ್ದು. ಬಾಗಿಲ ಮೇಲಿನ ತಗಡಿನ ಬೋರ್ಡನ್ನೂ ಅಪ್ಪನೇ ನಿಂತು ಬರೆಸಿದ್ದು. ಎಂಜಿನ್ ಶಬ್ದ ಕೇಳಿಸಿದರೆ ಸಾಕು, ಬಾನೆಟ್ ತೆಗೆಯುವ ಮೊದಲೇ ನಾನು ಕಾಯಿಲೆ ಹೇಳಿಬಿಡುತ್ತೇನೆ. ಇದನ್ನು ಜಂಬ ಅಂತ ಕರೆಯುವವನು ನಮ್ಮ ರಸ್ತೆಯಲ್ಲಿ ಒಬ್ಬನೇ, ನನ್ನ ಎದುರಿಗೆ ಗ್ಯಾರೇಜು ಇಟ್ಟವನು. ಎಂಬತ್ತರ ದಶಕದ ಒಂದು ವರ್ಷ ಆ ಬೋರ್ಡು ಕೆಳಗಿಳಿಯುವ ಸ್ಥಿತಿಗೆ ಬಂದಿತ್ತು. ಆ ಕಾಲದ ಕೆಲವು ಪ್ರಸಂಗ ಹೇಳುತ್ತೇನೆ.

೧. ಬರಿಗಾಲಿನ ಡ್ರೈವರ್

ಆಗ ಹೊಸ ಪುಟ್ಟ ಕಾರುಗಳು ಬರುವುದಕ್ಕೆ ಶುರುವಾಗಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು, ಕೊನೆಗೆ ಕಾರು ಬಂದ ದಿನ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮ. ರಾಜಾಜಿನಗರದ ಒಬ್ಬ ಬ್ಯಾಂಕ್ ಗುಮಾಸ್ತರು ಅಂಥದೊಂದು ಕಾರು ತಂದು ನಿಲ್ಲಿಸಿದರು. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ.

"ಎಳೀತಾನೇ ಇಲ್ಲ ಸಾರ್. ಸೈಕಲ್‌ನವರು ಓವರ್‌ಟೇಕ್ ಮಾಡ್ತಾರೆ. ನಿನ್ನೆ ಒಬ್ಬ ಹಾಲಿನವನು ಹಿಂದೆ ತಿರುಗಿ ನೋಡಿ ನಕ್ಕ."

ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಎಂಜಿನ್ ಹೊಸ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಒಂದು ರೌಂಡ್ ಹೋಗಿ ಬರೋಣ, ನೀವೇ ಓಡಿಸಿ ಅಂದೆ. ಅವರು ಬಾಗಿಲು ತೆಗೆದು, ಚಪ್ಪಲಿ ಬಿಚ್ಚಿ ರಸ್ತೆಯ ಪಕ್ಕ ಜೋಡಿಸಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತರು. ನನಗೂ ಚಪ್ಪಲಿ ಬಿಚ್ಚಲು ಹೇಳಿದರು. ಬಿಚ್ಚಿದೆ. ಆಮೇಲೆ ನೋಡುತ್ತೇನೆ, ಆಸಾಮಿ ಆಕ್ಸಿಲರೇಟರನ್ನು ಹೆಬ್ಬೆರಳ ತುದಿಯಿಂದ, ಸ್ನಾನದ ನೀರು ಕಾದಿದೆಯಾ ಅಂತ ನೋಡುವವರ ಹಾಗೆ ಮುಟ್ಟುತ್ತಿದ್ದಾರೆ.

"ಜೋರಾಗಿ ಒತ್ತಿ ಸಾರ್."

"ನೋವಾಗುತ್ತೆ."

"ಕಾಲಿಗಾ?"

"ಕಾರಿಗೆ."

ಆ ಪೆಡಲ್ ಒತ್ತಿದರೆ ಎಂಜಿನ್ ಬಾಯಲ್ಲಿರುವ ಒಂದು ತಗಡಿನ ಬಾಗಿಲು ತೆರೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ಆಗಲೇ ಗಾಡಿ ಓಡುವುದು, ಅದಕ್ಕೆ ಥ್ರಾಟಲ್ ಅನ್ನುತ್ತಾರೆ ಅಂತ ವಿವರಿಸಿದೆ. ಕಾರಿನಲ್ಲಿ ಮಾತ್ರ ಹಾಕಿಕೊಳ್ಳಲು ಒಂದು ಜೊತೆ ಹೊಸ ಬೂಟು ತಗೊಂಡು ಅಲ್ಲೇ ಇಡಿ, ಮೈಲಿಗೆ ಆಗಲ್ಲ ಅಂದೆ. ಒಪ್ಪಿದರು. ಕಾರು ಹಾರಿಕೊಂಡು ಹೋಯಿತು.

ಆದರೆ ಬೂಟಿನ ರಿಯಾಯಿತಿ ಡ್ರೈವರ್‌ಗೆ ಮಾತ್ರ. ಮನೆಯವರೆಲ್ಲ ಕೆಂಗೇರಿಗೆ ಯಾರದೋ ಮದುವೆಗೆ ಹೊರಟರಂತೆ. ರೇಷ್ಮೆ ಸೀರೆ, ಒಡವೆ ಎಲ್ಲ ಆಗಿ, ರಾಜಾಜಿನಗರದ ಮನೆ ಮುಂದೆ ಚಪ್ಪಲಿ ಬಿಚ್ಚಿ ಭಕ್ತಿಯಿಂದ ಕಾರು ಹತ್ತಿದ್ದಾರೆ. ಕೆಂಗೇರಿಯಲ್ಲಿ ಇಳಿದ ಮೇಲೆ ಗೊತ್ತಾಗಿದೆ, ಚಪ್ಪಲಿಗಳೆಲ್ಲ ರಾಜಾಜಿನಗರದಲ್ಲೇ ಇವೆ ಅಂತ. ಬೂಟೂ ಕಾರಿನಿಂದ ಇಳಿಯುವ ಹಾಗಿಲ್ಲ. ಅವರ ಹೆಂಡತಿ ಮಾರನೇ ವಾರ ಬಂದು ನನಗೇ ಬೈದರು. "ಬರಿಗಾಲಲ್ಲಿ ಹೋಗಿದ್ದು ಹಾಳಾಗ್ಲಿ ಅಣ್ಣ. ಊಟ ಮುಗಿಸಿ ಹೊರಡೋವಾಗ ಇವರು ಛತ್ರದ ಬಾಗಿಲಲ್ಲಿ ನಿಂತ್ಕೊಂಡು, ನಮ್ಮ ಚಪ್ಪಲಿ ಯಾರೋ ಕದ್ರು ಅಂತ ಮದುವೆ ಮನೆಯವರ ಜೊತೆ ಅರ್ಧ ಗಂಟೆ ಜಗಳ ಆಡಿದ್ರು!"

೨. ಕಳುವಾದ ಕಾರ್ಬ್ಯುರೇಟರ್

ಬಸವೇಶ್ವರನಗರದ ಒಬ್ಬ ಸಾಹೇಬರು ಸಿಂಗಪುರದಲ್ಲಿ ಕೆಲಸ ಮುಗಿಸಿ ಊರಿಗೆ ವಾಪಸಾದರು. ಬರುವಾಗ ಒಂದು ನೀಲಿ ಜಪಾನ್ ಕಾರನ್ನು ಹಡಗಿನಲ್ಲಿ ಹಾಕಿಸಿಕೊಂಡು ತಂದಿದ್ದರು. ಆ ಕಾರು ನಮ್ಮ ರಸ್ತೆಗೆ ಬಂದ ದಿನ ಕೆಲಸ ಮಾಡುತ್ತಿದ್ದವರೆಲ್ಲ ಸ್ಪ್ಯಾನರ್ ಕೆಳಗಿಟ್ಟರು. ಅದರ ದೂರು ಏನಪ್ಪಾ ಅಂದರೆ, ಆಕ್ಸಿಲರೇಟರ್ ಒತ್ತಿದರೆ ಮೊದಲು ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮುಂದಕ್ಕೆ ಜಿಗಿಯುತ್ತದೆ. ಕೆಲವು ಸಲ ಜಿಗಿದ ಮೇಲೆ ಆಫ್ ಆಗಿಬಿಡುತ್ತದೆ.

ಸಾಹೇಬರು ಮೊದಲು ಹೋಗಿದ್ದು ಎದುರು ಗ್ಯಾರೇಜಿಗೆ. ಅವನು ಬಾನೆಟ್ ಎತ್ತಿ ಟಾರ್ಚ್ ಹಿಡಿದು ಬಗ್ಗಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಕೆಳಗೆ ಮಲಗಿಕೊಂಡು ನೋಡಿದ. ಎದ್ದು ಬಂದು, ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡು ಹೇಳಿದ. "ಸಾರ್, ಧೈರ್ಯ ತಗೊಳ್ಳಿ. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರೇ ಇಲ್ಲ. ಮದ್ರಾಸಲ್ಲಿ ಹಡಗಿಂದ ಇಳಿಸೋವಾಗ ಯಾರೋ ಬಿಚ್ಕೊಂಡಿದ್ದಾರೆ."

ಸಾಹೇಬರು ಸಿಂಗಪುರದಲ್ಲಿ ಕಾರು ಓಡಿಸಿದ್ದರೇ ಹೊರತು ಬಾನೆಟ್ ಎತ್ತಿದವರಲ್ಲ. ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋದರು. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ತಾಳ್ಮೆಯ ಮನುಷ್ಯ.

"ಕಳುವಾದ ಸಾಮಾನು ನೋಡೋಕೆ ಹೇಗಿತ್ತು ಸಾರ್?"

"ಗೊತ್ತಿಲ್ಲ."

"ಕೊನೇ ಸಲ ಯಾವಾಗ ನೋಡಿದ್ರಿ?"

"ನೋಡೇ ಇಲ್ಲ."

"ಅದಿಲ್ದೆ ಗಾಡಿ ಓಡುತ್ತಾ?"

"ಓಡಿಸ್ಕೊಂಡೇ ಬಂದಿದ್ದೀನಿ. ಹೊರಗಡೆ ನಿಂತಿದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಕಳ್ಳ ತುಂಬಾ ಒಳ್ಳೆಯವನು ಸಾರ್. ಬೇಡದೇ ಇರೋದನ್ನ ಮಾತ್ರ ತಗೊಂಡು ಹೋಗಿದ್ದಾನೆ."

೩. ಬೋರ್ಡಿನ ಮಾತು

ಅಲ್ಲಿಂದ ಸಾಹೇಬರು ನನ್ನ ಹತ್ತಿರ ಬಂದರು. ಇಂಥ ಕಾರುಗಳಿಗೆ ಕಾರ್ಬ್ಯುರೇಟರ್ ಇರುವುದೇ ಇಲ್ಲ, ಪೆಟ್ರೋಲನ್ನು ಪಿಚಕಾರಿಯಲ್ಲಿ ಹೊಡೆದ ಹಾಗೆ ಒಳಗೆ ಚಿಮ್ಮಿಸುತ್ತಾರೆ, ಎಷ್ಟು ಚಿಮ್ಮಿಸಬೇಕು ಅಂತ ಹೇಳಲು ಒಂದು ಕರೆಂಟಿನ ಮೆದುಳು ಇರುತ್ತದೆ ಅಂತ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಕಣ್ಣಿನಿಂದ ನೋಡಿದ್ದು ಅವತ್ತೇ ಮೊದಲು. ಅದನ್ನು ಮುಖದಲ್ಲಿ ತೋರಿಸಲಿಲ್ಲ. ಡಾಕ್ಟರು ಹೆದರಿದರೆ ರೋಗಿಗೆ ಜ್ವರ ಏರುತ್ತದೆ.

ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತೆವು. ಅಲ್ಲಿದ್ದವರಿಗೆಲ್ಲ ಕಾರಿನ ವಿಷಯ ಗೊತ್ತಾಗಿಬಿಟ್ಟಿತ್ತು. ಸಿಂಗಪುರದ ಪೆಟ್ರೋಲು ಕುಡಿದು ಬೆಳೆದ ಗಾಡಿ, ನಮ್ಮದು ಒಗ್ಗಿಲ್ಲ ಅಂದ ಒಬ್ಬ. ಇನ್ನೊಬ್ಬರು ನೀರು ಬದಲಾವಣೆ ಅಂದರು, ರೇಡಿಯೇಟರಿಗೆ ಕಾಯಿಸಿ ಆರಿಸಿದ ನೀರು ಹಾಕಿ ನೋಡಲು ಹೇಳಿದರು. ಸಾಹೇಬರ ಮುಖ ಇನ್ನೂ ಇಳಿಯಿತು. "ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ವಿಜಯನಗರದ ಛತ್ರದಲ್ಲಿ. ಮದುಮಗ ಇದೇ ಕಾರಲ್ಲಿ ಬರ್ತಾನೆ ಅಂತ ಬೀಗರಿಗೆ ಹೇಳ್ಬಿಟ್ಟಿದ್ದೀವಿ."

ಎದುರು ಗ್ಯಾರೇಜಿನವನು ಮೂಲೆಯಿಂದ ದೊಡ್ಡ ದನಿಯಲ್ಲಿ ಹೇಳಿದ. "ಒಂದು ಎತ್ತಿನ ಗಾಡಿಗೂ ಹೇಳಿಟ್ಟಿರಿ ಸಾರ್. ಇವನ ಕೈಲಿ ಆಗಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. "ಮದುವೆ ದಿನ ಈ ಕಾರು ತನ್ನ ಎಂಜಿನ್ ಮೇಲೇ ಮದುಮಗನ್ನ ಛತ್ರದ ಬಾಗಿಲಿಗೆ ತರುತ್ತೆ. ತರ್ಲಿಲ್ಲ ಅಂದ್ರೆ ನಮ್ಮಪ್ಪ ಬರೆಸಿದ ಬೋರ್ಡನ್ನ ನನ್ನ ಕೈಯಾರೆ ಇಳಿಸ್ತೀನಿ. ಬಂದು ನೋಡು!"

ಹೋಟೆಲಿನಲ್ಲಿದ್ದವರೆಲ್ಲ ಎದುರಿನವನ ಕಡೆ ತಿರುಗಿದರು. ಆಡುವಾಗ ಏನೂ ಅನಿಸಲಿಲ್ಲ, ಮನೆಗೆ ಹೋಗುವ ದಾರಿಯಲ್ಲಿ ಅಪ್ಪನ ಮುಖ ನೆನಪಾಯಿತು. ಹೆಂಡತಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂತ ನಿರೀಕ್ಷೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಆ ತಗಡು ಎಷ್ಟು ಅಗಲ ಇದೇರಿ? ನಮ್ಮ ಬಚ್ಚಲಮನೆ ಬಾಗಿಲಿಗೆ ಸರಿಹೋಗುತ್ತಾ?"

೪. ರೇಡಿಯೋ ಡಾಕ್ಟರು

ಕಾರಿನ ಥ್ರಾಟಲ್ ಬಾಗಿಲ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ ಇತ್ತು. ಮೂರು ವೈರು ಅದರೊಳಗೆ ಹೋಗಿದ್ದವು. ಕರೆಂಟಿನ ವಿಷಯ ಅಂದರೆ ನಮ್ಮ ಸುತ್ತಮುತ್ತ ಇದ್ದವನು ಒಬ್ಬನೇ, ಮೂಡಲಪಾಳ್ಯದಲ್ಲಿ ರೇಡಿಯೋ ರಿಪೇರಿ ಮಾಡುವ ನನ್ನ ಗೆಳೆಯ. ಅವನ ಜಂಬ ನನಗಿಂತ ಒಂದು ಕೈ ಮೇಲು. ಮುಳ್ಳಿರುವ ಮೀಟರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ.

"ಇದೇನಾ ನೀನು ಹೆದರ್ಕೊಂಡಿರೋದು? ಇದು ರೇಡಿಯೋ ವಾಲ್ಯೂಮ್ ಗುಂಡಿ ಕಣೋ!"

ನಿಜವಾಗಿಯೂ ಅದೇ. ವಾಲ್ಯೂಮ್ ತಿರುಗಿಸಿದರೆ ಸದ್ದು ಏರುವ ಹಾಗೆ, ಥ್ರಾಟಲ್ ಬಾಗಿಲು ತೆರೆದಷ್ಟೂ ಈ ಡಬ್ಬಿಯಿಂದ ಮೆದುಳಿಗೆ ಹೋಗುವ ಕರೆಂಟು ಏರುತ್ತದೆ. ಬಾಗಿಲು ಎಷ್ಟು ತೆರೆದಿದೆ ಅಂತ ಮೆದುಳಿಗೆ ಗೊತ್ತಾಗುವುದು ಹಾಗೆ. ಇದಕ್ಕೆ ಥ್ರಾಟಲ್ ಪೊಸಿಷನ್ ಸೆನ್ಸರ್ ಅಂತ ಹೆಸರು. ಹಳೇ ರೇಡಿಯೋದ ಗುಂಡಿ ತಿರುಗಿಸಿದರೆ ಕರಕರ ಅನ್ನುವುದಿಲ್ಲವೇ, ಹಾಗೆ ಈ ಡಬ್ಬಿಯೂ ಕರಕರ ಅಂದರೆ ಮೆದುಳಿಗೆ ತಲೆ ಕೆಡುತ್ತದೆ, ಕಾರು ಜಿಗಿಯುತ್ತದೆ.

ನಾನು ಥ್ರಾಟಲನ್ನು ಕೈಯಿಂದ ಮೆಲ್ಲಗೆ ತೆರೆದೆ. ಅವನು ಮೀಟರ್ ಹಿಡಿದ. ಮುಳ್ಳು ಜಾಣ ಮಗುವಿನ ಹಾಗೆ ಮೆಟ್ಟಿಲು ಹತ್ತಿತು. ಮಧ್ಯಕ್ಕೆ ಬಂದ ಕೂಡಲೇ ಕುಣಿಯಲು ಶುರು ಮಾಡಿತು. "ಸಿಕ್ತು!" ಅಂತ ಇಬ್ಬರೂ ಒಟ್ಟಿಗೇ ಕೂಗಿದೆವು. ಮೊದಲು ಕೂಗಿದ್ದು ಯಾರು ಅನ್ನುವ ವಿಷಯದಲ್ಲಿ ಇವತ್ತಿಗೂ ನಮ್ಮಿಬ್ಬರಲ್ಲಿ ಒಮ್ಮತ ಇಲ್ಲ.

ವೈರಿನ ಪ್ಲಗ್ ಎಳೆದು ನೋಡಿದರೆ ಒಳಗೆಲ್ಲ ಹಳದಿ ಮೆತ್ತಿಕೊಂಡಿತ್ತು, ಒದ್ದೆಯಾಗಿತ್ತು. ರಸ್ತೆ ದಾಟಿ ಬಂದು ಇಣುಕಿದ ಎದುರು ಗ್ಯಾರೇಜಿನವನು ಕೇಳದಿದ್ದರೂ ಹೇಳಿದ. "ತುಕ್ಕು ಅದು. ನಮ್ಮ ದೇಶದ್ದು ಕೆಂಪು, ಜಪಾನಿಂದು ಹಳದಿ."

ಸ್ಪಿರಿಟ್ ಹಾಕಿ ತೊಳೆದೆವು, ಬಿಸಿಲಿಗೆ ಒಣಗಿಸಿದೆವು. ಕಾರು ಬೆಣ್ಣೆಯ ಹಾಗೆ ಜಾರಿತು. ಅವತ್ತೇ ಬಸವೇಶ್ವರನಗರಕ್ಕೆ ನಾನೇ ತಗೊಂಡು ಹೋದೆ. ಇಡೀ ಮನೆಯವರನ್ನು ಬಾನೆಟ್ ಸುತ್ತ ನಿಲ್ಲಿಸಿಕೊಂಡು, ಎದೆ ಉಬ್ಬಿಸಿ ಭಾಷಣ ಮಾಡಿದೆ. "ನೋಡಿ, ಇಷ್ಟು ದೊಡ್ಡ ಕಾರಿನ ಪ್ರಾಣ ಇರೋದು ಈ ಪುಟ್ಟ ಡಬ್ಬೀಲಿ."

ಸಾಹೇಬರ ತಾಯಿಯನ್ನು ಆ ಬೀದಿಯವರೆಲ್ಲ ಅಜ್ಜಿ ಅಂತಲೇ ಕರೆಯುತ್ತಿದ್ದರು. ಗಟ್ಟಿ ಹೆಂಗಸು, ಆ ಮನೆಯಲ್ಲಿ ಅವರ ಮಾತೇ ಕೊನೆಯದು. ಅಜ್ಜಿ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. "ಇನ್ನೊಂದು ಸಲ ತೋರಿಸಪ್ಪ, ಯಾವ ಡಬ್ಬಿ? ಇದೇನಾ?" ಅಂತ ಬೆರಳಿಟ್ಟು ಕೇಳಿ ಖಾತ್ರಿ ಮಾಡಿಕೊಂಡರು. ಈ ವಯಸ್ಸಿನಲ್ಲೂ ವಿಜ್ಞಾನದ ಬಗ್ಗೆ ಎಂಥ ಆಸಕ್ತಿ ಅಂತ ನಾನು ದಾರಿಯುದ್ದಕ್ಕೂ ಮೆಚ್ಚಿಕೊಂಡು ಬಂದೆ.

೫. ಖಾಲಿ ಡಬ್ಬಿ

ಶನಿವಾರ ಬೆಳಿಗ್ಗೆ ಕಾರು ವಾಪಸ್ ಬಂತು. ಮೊದಲು ಕಪ್ಪೆಯ ಹಾಗೆ ಜಿಗಿಯುತ್ತಿದ್ದುದು ಈಗ ಮೊಲದ ಹಾಗೆ ಜಿಗಿಯುತ್ತಿತ್ತು. ಮತ್ತೆ ಅದೇ ಹಳದಿ. ತೊಳೆದೆ, ಒಣಗಿಸಿದೆ, ಸರಿಹೋಯಿತು. ಮುಂದಿನ ಶನಿವಾರ ಮತ್ತೆ ಬಂತು. ಎದುರಿನವನು ತನ್ನ ಬಾಗಿಲಲ್ಲಿ ನಿಂತು ನನ್ನ ಬೋರ್ಡನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದ. ನನಗೆ ಊಟ ಸೇರದ ಹಾಗಾಯಿತು. ಮದುವೆ ಭಾನುವಾರ, ಹತ್ತಿರ ಬಂದುಬಿಟ್ಟಿತ್ತು.

ಈ ಸಲ ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲು ವಾಸನೆ ಇರಬೇಕಾದ ಜಾಗದಲ್ಲಿ ಪಚ್ಚಕರ್ಪೂರದ ವಾಸನೆ. ಚಿಮಟದಿಂದ ಒಳಗೆ ಕೆದಕಿದರೆ ಒಂದು ತುಳಸಿ ಎಲೆ ಬಂತು. ಕಾರು ಕೆಡುವುದು ಪ್ರತಿ ಸಲ ಶುಕ್ರವಾರ ಕಳೆದ ಮೇಲೆ ಅಂತ ಆಗ ಹೊಳೆಯಿತು. ಮದುವೆಗೆ ಮುಂಚಿನ ಶುಕ್ರವಾರ ಬೆಳಗಾಗುತ್ತಲೇ ಬಸವೇಶ್ವರನಗರಕ್ಕೆ ಸೈಕಲ್ ತುಳಿದೆ.

ಮನೆ ಮುಂದೆ ಕಾರಿನ ಬಾನೆಟ್ ಎತ್ತಿತ್ತು. ಅಜ್ಜಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ತಾಮ್ರದ ಚೊಂಬು ಹಿಡಿದು ನಿಂತಿದ್ದರು. ಮಂತ್ರ ಹೇಳುತ್ತಾ ಡಬ್ಬಿಯ ಮೇಲೆ ಧಾರೆ ಬಿಡುತ್ತಿದ್ದರು. ಆಮೇಲೆ ಅರಿಶಿನ, ಕುಂಕುಮ, ತುಳಸಿ. ಜಪಾನಿನವರು ಅಷ್ಟು ಕಷ್ಟಪಟ್ಟು ಮಾಡಿದ ಸೆನ್ಸರ್ ಸೇವಂತಿಗೆ ಹೂವಿನ ಕೆಳಗೆ ಕಾಣಿಸುತ್ತಲೇ ಇರಲಿಲ್ಲ.

"ಬಾಪ್ಪ, ಒಳ್ಳೆ ಹೊತ್ತಿಗೆ ಬಂದೆ. ಮುಂಚೆ ಇಡೀ ಎಂಜಿನ್‌ಗೆ ಒಂದೊಂದು ಹನಿ ಚಿಮುಕಿಸ್ತಿದ್ದೆ. ಪ್ರಾಣ ಎಲ್ಲಿದೆ ಅಂತ ನೀನು ತೋರಿಸಿದ ಮೇಲೆ ಪೂರ್ತಿ ಚೊಂಬು ಅಲ್ಲಿಗೇ."

"ಅಮ್ಮಾ, ಪೂಜೆನ ಬಾನೆಟ್ ಮುಚ್ಚಿ ಅದರ ಮೇಲೆ ಮಾಡಬಹುದಲ್ವಾ?"

"ಬಾನೆಟ್ ಅಂದ್ರೆ ಗರ್ಭಗುಡಿ ಬಾಗಿಲು ಕಣಪ್ಪ. ನೀನು ದೇವಸ್ಥಾನಕ್ಕೆ ಹೋದ್ರೆ ಬಾಗಿಲಿಗೆ ಪೂಜೆ ಮಾಡಿಸ್ಕೊಂಡು ಬರ್ತೀಯಾ?"

"ಅಲ್ಲಮ್ಮಾ, ನೀರು ಬಿದ್ರೆ ಅದು ಕೆಡುತ್ತೆ."

ಅಜ್ಜಿ ಚೊಂಬು ಕೆಳಗಿಟ್ಟರು. "ತೀರ್ಥಕ್ಕೆ ನೀರು ಅಂತೀಯಾ?"

ಸಹಾಯಕ್ಕಾಗಿ ಸಾಹೇಬರ ಕಡೆ ನೋಡಿದೆ. ಅವರು ವರಾಂಡದಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪೇಪರು ತಲೆಕೆಳಗಾಗಿತ್ತು. ಅಪ್ಪನ ಬೋರ್ಡು ಕಣ್ಣ ಮುಂದೆ ಬಂತು. ಅಜ್ಜಿಯನ್ನು ಮಾತಿನಲ್ಲಿ ಗೆಲ್ಲುವುದು ಆಗದ ಕೆಲಸ. ಕೂಡಲೇ ನಿರ್ಧಾರ ಮಾಡಿ, ಹಿಂದೆ ಹೋಗಿ ಡಿಕ್ಕಿ ತೆಗೆದೆ. ಅಲ್ಲಿ ಸ್ಟೆಪ್ನಿ ಚಕ್ರ ನೆಮ್ಮದಿಯಾಗಿ ಮಲಗಿತ್ತು. ಅದರ ಮೇಲೆ ಕೊಡಗಟ್ಟಲೆ ಸುರಿದರೂ ಯಾರಿಗೂ ನಷ್ಟವಿಲ್ಲ.

"ಹೋದ ವಾರ ರಿಪೇರಿ ಮಾಡೋವಾಗ ಪ್ರಾಣಾನ ಅಲ್ಲಿಂದ ಇಲ್ಲಿಗೆ ಶಿಫ್ಟ್ ಮಾಡಿದ್ದೀನಮ್ಮ. ಇನ್ಮೇಲೆ ಏನಿದ್ರೂ ಇದಕ್ಕೇ."

ಅಜ್ಜಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ.

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ? ಇಷ್ಟು ಹೊತ್ತೂ ಖಾಲಿ ಡಬ್ಬಿಗೆ ಪೂಜೆ ಮಾಡಿದ್ನಲ್ಲೋ!"

೬. ಮೊದಲ ಆರತಿ

ಡಬ್ಬಿಯನ್ನು ಕೊನೇ ಸಲ ತೊಳೆದು ಒಣಗಿಸಿದೆ. ಭಾನುವಾರ ಬೇರೆ ಯಾರನ್ನೂ ನಂಬದೆ ನಾನೇ ಡ್ರೈವರ್ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಸಾಹೇಬರು, ಹಿಂದೆ ಪೇಟ ಕಟ್ಟಿದ ಮದುಮಗ, ಅವನ ಪಕ್ಕ ಅಜ್ಜಿ. ಎದುರು ಗ್ಯಾರೇಜಿನವನು ಇಸ್ತ್ರಿ ಪಂಚೆ ಉಟ್ಟು ಆಗಲೇ ವಿಜಯನಗರದ ಛತ್ರದ ಬಾಗಿಲಲ್ಲಿ ಕಾಯುತ್ತಿದ್ದಾನೆ ಅಂತ ಸುದ್ದಿ ಬಂದಿತ್ತು. ಕಾಯಲಿ ಅಂದುಕೊಂಡೆ. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಕಾರು ಹೇಳಿದ ಮಾತು ಕೇಳುತ್ತಿತ್ತು. ಜಿಗಿತವಿಲ್ಲ, ಯೋಚನೆಯಿಲ್ಲ. ನನಗೆ ಹಾಡು ಹೇಳಬೇಕು ಅನಿಸುವಷ್ಟು ಖುಷಿ.

ಮಾಗಡಿ ರಸ್ತೆಗೆ ಬಂದೆವು. ಢಂ ಅಂತ ಸದ್ದಾಯಿತು. ಹಿಂದಿನ ಟೈರು ನೆಲಕ್ಕೆ ಕೂತಿತು.

ಹೆದರುವಂಥದ್ದೇನಲ್ಲ, ಪಂಕ್ಚರು. ಜಾಕ್ ಕೊಟ್ಟು ಎತ್ತಿದೆ, ಚಕ್ರ ಬಿಚ್ಚಿದೆ, ಡಿಕ್ಕಿ ತೆಗೆದೆ. ಸ್ಟೆಪ್ನಿ ಮೈತುಂಬ ಅರಿಶಿನ ಬಳಿದುಕೊಂಡು, ದೊಡ್ಡ ಕುಂಕುಮ ಇಟ್ಟುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನಿಗಿಂತ ಚೆನ್ನಾಗಿ ಕಾಣುತ್ತಿತ್ತು. ಕೈ ಚಾಚಿದೆ.

"ಮುಟ್ಟಬೇಡ!" ಅಜ್ಜಿ ಕಾರಿನಿಂದ ಇಳಿದು ಬಂದಿದ್ದರು. "ಪೂಜೆ ಮಾಡಿರೋ ದೇವರನ್ನ ಬೀದಿ ಕೊಳೇಲಿ ಉರುಳಿಸ್ತೀಯಾ? ಅದೂ ಪ್ರಾಣ ಇರೋ ದೇವರನ್ನ?"

ಕೈ ಹಿಂದಕ್ಕೆ ತೆಗೆದೆ. ಎಂಜಿನ್ ಬಂಗಾರದ ಹಾಗಿದೆ, ಸೆನ್ಸರ್ ಸರಿಯಾಗಿದೆ, ಕಾರು ಮಾತ್ರ ಮೂರು ಚಕ್ರದ ಮೇಲೆ ನಿಂತಿದೆ. ಮುಹೂರ್ತ ಹತ್ತಿರ ಬರುತ್ತಿದೆ. ಮದುಮಗ ಕಿಟಕಿಯಿಂದ ತಲೆ ಹಾಕಿ, "ನಾನು ಆಟೋದಲ್ಲಿ ಹೋಗ್ತೀನಿ" ಅಂದ.

"ಸುಮ್ನೆ ಕೂತ್ಕೊಳ್ಳಿ ಸಾರ್!" ಅಂತ ಕಿರುಚಿಬಿಟ್ಟೆ. ಅವನ ಮದುವೆಯಲ್ಲಿ ಅವನಿಗಿಂತ ನನಗೆ ಹೆಚ್ಚು ಅವಸರ ಇತ್ತು. ಅವನು ಆಟೋ ಹತ್ತಿದರೆ ಅಪ್ಪನ ಬೋರ್ಡು ನನ್ನ ಬಚ್ಚಲಮನೆಗೆ ಹೋಗುತ್ತಿತ್ತು.

ಅಜ್ಜಿಯ ಮುಂದೆ ಕೈಮುಗಿದು ನಿಂತೆ. "ಅಮ್ಮಾ, ಗುಡಿ ಒಳಗಿನ ದೇವರು ಉತ್ಸವದ ದಿನ ಬೀದಿಗೆ ಬರಲ್ವಾ? ಇವತ್ತು ನಿಮ್ಮ ಮಗನ ಮದುವೆ. ಇಂಥ ದಿನಾನೂ ದೇವರನ್ನ ಡಿಕ್ಕೀಲಿ ಮಲಗಿಸ್ಕೊಂಡು ಹೋದ್ರೆ ಅದಕ್ಕೆ ಬೇಜಾರಾಗಲ್ವಾ?"

ಅಜ್ಜಿ ಯೋಚಿಸಿದರು. ನಾನು ಮುಗಿದ ಕೈ ಇಳಿಸಲಿಲ್ಲ.

"ಉತ್ಸವ ಅಂದ್ರೆ ಮಂಗಳಾರತಿ ಆಗ್ಬೇಕು. ಹಾರ ತೆಗೀಕೂಡದು."

"ಖಂಡಿತ ಆಗ್ಲಿ!"

ಮಾಗಡಿ ರಸ್ತೆಯ ಮಧ್ಯೆ ಕರ್ಪೂರ ಹಚ್ಚಿದರು, ತೆಂಗಿನಕಾಯಿ ಒಡೆದರು. ಹಿಂದೆ ಬಸ್ಸು ನಿಂತಿತು. ಕಂಡಕ್ಟರ್ ಬೈಯುವುದಕ್ಕೆ ಅಂತ ಇಳಿದು ಬಂದವನು ಚಪ್ಪಲಿ ಬಿಟ್ಟು ಮಂಗಳಾರತಿ ತಗೊಂಡು ಹೋದ. ನಾನು ಸ್ಟೆಪ್ನಿಯನ್ನು ಹಾರದ ಸಮೇತ ಕೂರಿಸಿ ನಟ್ಟು ಬಿಗಿದೆ. ಒಳಗಿದ್ದದ್ದು ಸಿಂಗಪುರದಲ್ಲಿ ತುಂಬಿಸಿದ ಗಾಳಿ, ಪುಣ್ಯಕ್ಕೆ ಇನ್ನೂ ಇತ್ತು. ದಾರಿಯುದ್ದಕ್ಕೂ ಚೆಂಡುಹೂವಿನ ಎಸಳು ಚೆಲ್ಲುತ್ತಾ ಕಾರು ಛತ್ರದ ಬಾಗಿಲಿಗೆ ತನ್ನ ಎಂಜಿನ್ ಮೇಲೇ ಬಂದು ನಿಂತಿತು.

ಹೆಣ್ಣಿನ ತಾಯಿ ಆರತಿ ತಟ್ಟೆ ಹಿಡಿದು ಮದುಮಗನ ಕಡೆ ಬಂದರು. ಅಜ್ಜಿ ಅಡ್ಡ ಕೈ ಹಿಡಿದು ಹಿಂದಿನ ಚಕ್ರ ತೋರಿಸಿದರು. "ಮೊದಲು ಅದಕ್ಕೆ."

ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು. ಗಂಡಿನ ಮನೆಯ ಪದ್ಧತಿ ಇರಬೇಕು, ಕೇಳಿದರೆ ತಪ್ಪಾಗುತ್ತದೆ ಅಂತ ಚಕ್ರಕ್ಕೆ ಆರತಿ ಎತ್ತಿದರು. ಹೆಣ್ಣಿನ ತಂದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಳಿಯನ ಕಾಲು ತೊಳೆಯಲು ತಂದಿದ್ದ ಬೆಳ್ಳಿ ಚೊಂಬಿನಿಂದ ಮೊದಲು ಟೈರು ತೊಳೆದರು. ಮದುಮಗ ತನ್ನ ಸರದಿಗೆ ಕಾಯುತ್ತಾ ನಿಂತಿದ್ದ.

ಅಜ್ಜಿ ಎಲ್ಲರೆದುರಿಗೆ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಪ್ರಾಣಾನ ಆ ಡಬ್ಬಿಯಿಂದ ಇದಕ್ಕೆ ತಂದಿಟ್ಟಿದ್ದೀನಿ ಅಂತ ನೀನು ಹೇಳಿದ್ದು ಅಕ್ಷರಶಃ ನಿಜ ಕಣಪ್ಪ. ಪ್ರಾಣ ಅದರಲ್ಲೇ ಇತ್ತು. ಅದೊಂದು ಇಲ್ದೇ ಹೋಗಿದ್ರೆ ಇವತ್ತು ನಾವು ಇಲ್ಲಿಗೆ ಬರ್ತಿದ್ವಾ?"

ಹೌದಮ್ಮಾ ಅಂತ ನಾನೂ ಚಕ್ರಕ್ಕೆ ಕೈಮುಗಿದೆ. ಬೋರ್ಡು ಉಳಿಯಿತು.

ಎದುರು ಗ್ಯಾರೇಜಿನವನು ಊಟದ ಪಂಕ್ತಿಯಲ್ಲಿ ಬಂದು ನನ್ನ ಪಕ್ಕದಲ್ಲೇ ಕೂತ. ಪಾಯಸ ಬರುವವರೆಗೂ ತಲೆ ಬಗ್ಗಿಸಿ ಊಟ ಮಾಡಿದ. ಆಮೇಲೆ ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದ.

"ಗುರು, ಸೋತೆ ಅಂತಲೇ ಇಟ್ಕೋ. ಆದ್ರೆ ಒಂದು ಹೇಳು. ಆ ಪ್ರಾಣಾನ ಡಬ್ಬಿಯಿಂದ ಸ್ಟೆಪ್ನಿಗೆ ಶಿಫ್ಟ್ ಮಾಡೋಕೆ ಎಷ್ಟನೇ ನಂಬರ್ ಸ್ಪ್ಯಾನರ್ ಬೇಕು?"